ಸಲೀಸಾಗಿ ಹುಟ್ಟುವ ಹರಳು

ತಮ್ಮ: ಅಕ್ಕ, ನೇರವಾಗಿ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಮನೆ ಮೇಲೆ ಸೋಲಾರ್ ಹಾಕೋನು. ಪ್ಯಾನೆಲ್‌ಗೆ ಕಂಪನಿಯವರು 25 ವರ್ಷ ವಾರಂಟಿ ಕೊಡ್ತಾರೆ, ಅದನ್ನ ನಂಬಿ ಜನ ದುಡ್ಡು ಹಾಕ್ತಾರೆ. ನೀನು ಲ್ಯಾಬಲ್ಲಿ ಮಾಡೋ ಪೆರೋವ್‌ಸ್ಕೈಟ್ ಹರಳು ಎಷ್ಟು ದಿನ ಬಾಳುತ್ತೆ?

ಅಕ್ಕ: ಎಲ್ಲಿಟ್ಟಿದೀನಿ ಅನ್ನೋದರ ಮೇಲಿದೆ. ಶೀಶೆಯಲ್ಲಿ ದ್ರಾವಕದೊಳಗೆ ಮುಚ್ಚಿಟ್ಟರೆ ತಿಂಗಳುಗಟ್ಟಲೆ. ತೇವದ ಗಾಳಿಗೆ ಬಿಟ್ಟು, ಮೇಲೆ ಕರೆಂಟೂ ಹರಿಸಿದರೆ ಎಷ್ಟೋ ಸಲ ಗಂಟೆಗಳ ಲೆಕ್ಕ.

ತಮ್ಮ: ಗಂಟೆ! ಮತ್ತೆ ಅದಕ್ಕೆ ಇಷ್ಟೊಂದು ಸದ್ದು ಯಾಕೆ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು.

ಅಕ್ಕ: ಕೂಸು ಹುಟ್ಟಿಯಾಗಿದೆ ಕಣೋ, ತೊಂದರೆ ಇರೋದು ಬೆಳೆಸೋದರಲ್ಲಿ. ಅದು ಹುಟ್ಟೋ ರೀತಿ ಹೇಳ್ತೀನಿ ಕೇಳು. ಸೀಸದ ಬ್ರೋಮೈಡನ್ನು ಆಕ್ಟಾಡೆಸೀನ್ ಅನ್ನೋ ಎಣ್ಣೆಯಂಥ ದ್ರಾವಕಕ್ಕೆ ಹಾಕಿ, ಓಲೆಯಿಕ್ ಆಮ್ಲ, ಓಲೈಲಮೀನ್ ಸೇರಿಸ್ತೀವಿ. ಆಮ್ಲ ಅಂದ ಕೂಡಲೇ ಮುಖ ಹಿಂಡಬೇಡ, ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರೋ ಕೊಬ್ಬಿನಾಮ್ಲವೇ ಅದು. ಗಾಳಿ, ತೇವ ಎಳೆದು ತೆಗೆದು, ಸಾರಜನಕ ತುಂಬಿ, 140ರಿಂದ 200 ಡಿಗ್ರಿಯೊಳಗೆ ಬೇಕಾದಷ್ಟಕ್ಕೆ ಕಾಯಿಸ್ತೀವಿ. ಸೀಸಿಯಂ ಓಲಿಯೇಟನ್ನು ಬೇರೆ ಪಾತ್ರೆಯಲ್ಲಿ ಬಿಸಿಯಾಗಿಟ್ಟಿರ್ತೀವಿ. ಅದನ್ನ ಸಿರಿಂಜಿಗೆ ಎಳೆದುಕೊಂಡು ಒಂದೇ ಏಟಿಗೆ ಫ್ಲಾಸ್ಕಿನೊಳಗೆ ಬಿಡಬೇಕು. ಐದು ಸೆಕೆಂಡ್ ಆಗೋದೇ ತಡ, ಫ್ಲಾಸ್ಕು ಮಂಜುಗಡ್ಡೆ ನೀರಿಗೆ. ಮುಗಿಯಿತು.

ತಮ್ಮ: ಐದು ಸೆಕೆಂಡಲ್ಲಿ ಹರಳು ಬೆಳೆದುಬಿಡುತ್ತಾ?

ಅಕ್ಕ: ಬೆಳೆದುಬಿಟ್ಟಿರುತ್ತೆ. ಗಾತ್ರವನ್ನ ತೀರ್ಮಾನ ಮಾಡೋದು ಸಮಯಕ್ಕಿಂತ ಹೆಚ್ಚಾಗಿ ಶಾಖ. ಹೀಗೆ ಸಿಗೋದು ಸೀಸಿಯಂ ಲೆಡ್ ಬ್ರೋಮೈಡಿನ ಘನಾಕೃತಿಯ ಹರಳುಗಳು. ಹತ್ತು ನ್ಯಾನೋಮೀಟರ್ ಹರಳು ಅಂದ್ರೆ ಒಂದು ಬದಿಗೆ ಸುಮಾರು ಹದಿನೇಳು ಘಟಕ ಜೋಡಿಸಿದಷ್ಟೇ ಉದ್ದ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ ಮಾಕ್ಸಿಂ ಕೊವಾಲೆಂಕೊ ಅವರ ತಂಡ 2015ರಲ್ಲಿ ಈ ವಿಧಾನ ಪ್ರಕಟಿಸಿತು. ಅವರ ಹರಳುಗಳು 4ರಿಂದ 15 ನ್ಯಾನೋಮೀಟರಿನವು, ನೇರಳೆಯ 410 ನ್ಯಾನೋಮೀಟರಿನಿಂದ ಕೆಂಪಿನ 700ರವರೆಗೆ ಯಾವ ಬಣ್ಣ ಬೇಕಾದರೂ ಕೊಡ್ತಿದ್ದವು. ನುಂಗಿದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತರವರೆಗೆ ವಾಪಸ್ ಬೆಳಕಾಗಿಯೇ ಬರ್ತಿತ್ತು. ಅದೇ ವರ್ಷ ಬೀಜಿಂಗ್‌ನಲ್ಲಿ ಚೊಂಗ್ ಹೈಚೆಂಗ್ ಅವರ ತಂಡ ಇನ್ನೂ ಮುಂದೆ ಹೋಯಿತು. ಕಾಯಿಸೋದೇ ಬೇಡ, ಒಂದು ದ್ರಾವಕದಲ್ಲಿ ಕರಗಿಸಿದ್ದನ್ನ ಇನ್ನೊಂದು ದ್ರಾವಕಕ್ಕೆ ಹನಿಸಿದರೆ ಸಾಕು, ಕೋಣೆಯ ಶಾಖದಲ್ಲೇ ಹಸಿರು ಹೊಳಪು ಮೂಡುತ್ತೆ ಅಂತ ತೋರಿಸಿದರು.

ತಮ್ಮ: ಸಿಲಿಕಾನ್‌ಗೆ ಕುಲುಮೆಯೇ ಬೇಕು.

ಅಕ್ಕ: 1414 ಡಿಗ್ರಿಯಲ್ಲಿ ಕರಗಿಸಿ, ಒಂದೇ ಹರಳಾಗಿ ಮೆಲ್ಲಗೆ ಮೇಲೆಳೆದು, ತೆಳ್ಳಗೆ ಕೊಯ್ಯಬೇಕು. ಅಷ್ಟೆಲ್ಲ ಶುದ್ಧ ಮಾಡಿದ್ದರಿಂದಲೇ ನಿನ್ನ ವಾರಂಟಿ.

ತಮ್ಮ: ಸರಿ. ಐದು ಸೆಕೆಂಡಲ್ಲಿ ಆಗಿದ್ದರಲ್ಲಿ ಲೋಪ ಇರಲೇಬೇಕಲ್ಲ? ಅವಸರದ ಕೆಲಸ ಯಾವತ್ತು ನೆಟ್ಟಗಿರುತ್ತೆ?

ಅಕ್ಕ: ಒಳ್ಳೇ ಪ್ರಶ್ನೆ, ಇಡೀ ವಿಷಯದ ಕೀಲು ಅಲ್ಲೇ ಇದೆ. ಲೋಪ ಇದೆ, ಧಾರಾಳವಾಗಿದೆ. ಇಲ್ಲೊಂದು ಸೀಸದ ಪರಮಾಣು ಕಾಣೆ, ಅಲ್ಲೊಂದು ಬ್ರೋಮೈಡ್ ಕಾಣೆ. ಬೇರೆ ಅರೆವಾಹಕಗಳಲ್ಲಿ ಇಂಥ ಲೋಪಗಳು ಎಲೆಕ್ಟ್ರಾನಿಗೆ ಬೋನು. ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಆ ಬೋನಿಗೆ ಬಿದ್ದರೆ ಅದರ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತೆ, ಬೆಳಕೂ ಇಲ್ಲ, ಕರೆಂಟೂ ಇಲ್ಲ. ಕ್ಯಾಡ್ಮಿಯಂ ಸೆಲೆನೈಡ್ ಚುಕ್ಕೆಗಳನ್ನ ನೋಡು, 2023ರಲ್ಲಿ ಬವೆಂಡಿ, ಬ್ರೂಸ್, ಎಕಿಮೊವ್ ಅವರಿಗೆ ನೊಬೆಲ್ ಬಂದದ್ದು ಆ ಬಗೆಯ ಕ್ವಾಂಟಂ ಡಾಟ್‌ಗಳ ಕೆಲಸಕ್ಕೆ. ಅವು ಚೆನ್ನಾಗಿ ಬೆಳಗಬೇಕಾದರೆ ಮೇಲೆ ಜಿಂಕ್ ಸಲ್ಫೈಡಿನಂಥ ಇನ್ನೊಂದು ಕವಚ ಬೆಳೆಸಲೇಬೇಕು. ನಮ್ಮ ಹರಳಿಗೆ ಕವಚ ಇಲ್ಲದೆಯೂ ಹೊಳಪು. ಲೋಪ ಇಲ್ಲ ಅಂತಲ್ಲ, ಲೋಪ ಕೂತಿರೋ ಜಾಗ ಬೇರೆ. ರಸ್ತೆಯಲ್ಲಿ ಗುಂಡಿ ಇದೆ ಅಂತಿಟ್ಟುಕೋ. ನಡುರಸ್ತೆಯಲ್ಲಿದ್ದರೆ ಗಾಡಿ ಬೀಳುತ್ತೆ, ಅಂಚಿನಲ್ಲಿದ್ದರೆ ಗಾಡಿ ತನ್ನ ಪಾಡಿಗೆ ಹೋಗುತ್ತೆ. ಸೀಸದ ಹ್ಯಾಲೈಡ್‌ಗಳಲ್ಲಿ ಸುಲಭವಾಗಿ ಆಗೋ ಲೋಪಗಳ ಶಕ್ತಿಮಟ್ಟ ಬಹುಪಾಲು ಅಂಚಿನಲ್ಲೇ ಕೂರುತ್ತೆ.

ತಮ್ಮ: ಹಾಗಾದರೆ ನಮ್ಮೂರ ರಸ್ತೆಗಿಂತ ವಾಸಿ.

ಅಕ್ಕ: ಕಂಟ್ರಾಕ್ಟರ್ ಇಲ್ಲದೆ ತಾನೇ ಹಾಕಿಕೊಂಡ ರಸ್ತೆ ಅಲ್ವಾ, ಅದಕ್ಕೇ.

ತಮ್ಮ: ಯಾವ ಬಣ್ಣ ಬೇಕಾದರೂ ಬರುತ್ತೆ ಅಂದೆಯಲ್ಲ, ಅದು ಹೇಗೆ? ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಡುಗೆ ಮಾಡಬೇಕಾ?

ಅಕ್ಕ: ಬೇಕಿಲ್ಲ. ಹಸಿರು ಹೊಳೆಯೋ ಬ್ರೋಮೈಡ್ ಹರಳುಗಳ ಶೀಶೆ ತಗೊಂಡು, ಕೋಣೆಯ ಶಾಖದಲ್ಲೇ, ಅದಕ್ಕೆ ಸ್ವಲ್ಪ ಅಯೊಡೈಡ್ ಸೇರಿಸು. ಅತಿನೇರಳೆ ಟಾರ್ಚು ಹಿಡಿದು ನೋಡ್ತಾ ನಿಲ್ಲು. ಹಸಿರು ಹಳದಿಗೆ, ಹಳದಿ ಕಿತ್ತಳೆಗೆ, ಕಿತ್ತಳೆ ಕೆಂಪಿಗೆ, ಎಲ್ಲ ಸೆಕೆಂಡುಗಳಲ್ಲಿ. ಕ್ಲೋರೈಡ್ ಸೇರಿಸಿದರೆ ಆ ಕಡೆ, ನೀಲಿಗೆ. ಹರಳಿನ ಆಕಾರ, ಗಾತ್ರ ಹೆಚ್ಚೂಕಡಿಮೆ ಹಾಗೇ ಇರುತ್ತೆ. ಒಳಗಿನ ಬ್ರೋಮೈಡ್‌ಗಳು ಎದ್ದು ಹೋಗಿ ಹೊಸಬರು ಬಂದು ಕೂತಿರ್ತಾರೆ. ಕ್ಯಾಡ್ಮಿಯಂ ಸೆಲೆನೈಡಿನಲ್ಲಿ ಹೀಗೆ ಮಾಡ್ತೀನಿ ಅಂದ್ರೆ ಚೆನ್ನಾಗಿ ಕಾಯಿಸಬೇಕು, ಆಗಲೂ ಅದು ಸುಲಭಕ್ಕೆ ಒಪ್ಪೋದಿಲ್ಲ. ನಾನು ಎಷ್ಟು ಸಲ ನೋಡಿದ್ದರೂ ಇದನ್ನ ಸುಮ್ಮನೆ ದಾಟಿ ಹೋಗೋಕೆ ಆಗಿಲ್ಲ.

ತಮ್ಮ: ಚೆಂದ ಇರಬಹುದು. ಆದರೆ ನನಗೆ ಭಯವಾಗ್ತಿದೆ. ಅಷ್ಟು ಸಲೀಸಾಗಿ ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬಂದು ಕೂರೋ ಮನೆಯನ್ನ ಗಟ್ಟಿ ಅಂತ ಹೇಳ್ತಾರಾ?

ಅಕ್ಕ: ಹೇಳೋದಿಲ್ಲ. ಇದೇ ನಾನು ಹೇಳಬೇಕಂತಿದ್ದದ್ದು. ಐದು ಸೆಕೆಂಡಲ್ಲಿ ಹುಟ್ಟೋಕೂ, ಬಣ್ಣ ಬದಲಿಸೋಕೂ, ನೀರು ಬಿದ್ದರೆ ಕರಗೋಕೂ ಕಾರಣ ಒಂದೇ. ಇದು ಅಯಾನುಗಳ ಹರಳು, ಅಡುಗೆ ಉಪ್ಪಿನ ಜಾತಿ. ಸಿಲಿಕಾನಿನಲ್ಲಿ ಒಂದೊಂದು ಪರಮಾಣುವೂ ನಾಲ್ಕು ಕಡೆ ಬಿಗಿಯಾಗಿ ಎಲೆಕ್ಟ್ರಾನು ಹಂಚಿಕೊಂಡು ನಿಂತಿರುತ್ತೆ. ಇಲ್ಲಿ ಸೀಸದ ಸುತ್ತ ಆರು ಹ್ಯಾಲೈಡ್, ಅಂಥ ಅಷ್ಟಮುಖಿಗಳು ಮೂಲೆಗೆ ಮೂಲೆ ತಾಗಿಸಿಕೊಂಡು ನಿಂತಿರ್ತವೆ. ನಡುವಿನ ಜಾಗದಲ್ಲಿ ಸೀಸಿಯಂ, ಇಲ್ಲವೇ ಮೀಥೈಲ್ ಅಮೋನಿಯಂನಂಥ ಸಣ್ಣ ಸಾವಯವ ಅಯಾನು. ಈ ಜೋಡಣೆಗೇ ಪೆರೋವ್‌ಸ್ಕೈಟ್ ಅಂತ ಹೆಸರು. 1839ರಲ್ಲಿ ರಷ್ಯಾದ ಉರಾಲ್ ಬೆಟ್ಟಗಳ ಒಂದು ಖನಿಜಕ್ಕೆ ಗುಸ್ತಾವ್ ರೋಸ್ ಆ ಹೆಸರಿಟ್ಟ. ಆ ಕಲ್ಲಿನಲ್ಲಿ ಸೀಸವೂ ಇಲ್ಲ, ಅಯೊಡೈಡೂ ಇಲ್ಲ. ಜೋಡಣೆ ಮಾತ್ರ ಒಂದೇ. ನಮ್ಮದರ ಕಟ್ಟುಗಳು ಮೆತ್ತಗಿವೆ, ಹ್ಯಾಲೈಡುಗಳು ಓಡಾಡ್ತವೆ. ಬೆಳಕು ಬಿದ್ದರೂ ಓಡಾಡ್ತವೆ, ವೋಲ್ಟೇಜ್ ಕೊಟ್ಟರೂ ಓಡಾಡ್ತವೆ. ಬ್ರೋಮೈಡು-ಅಯೊಡೈಡು ಬೆರೆಸಿದ ಪದರದ ಮೇಲೆ ಬೆಳಕು ಬಿಟ್ಟರೆ ಅವೆರಡೂ ಬೇರೆ ಬೇರೆ ಗುಂಪಾಗಿಬಿಡ್ತವೆ ಅಂತ ಸ್ಟ್ಯಾನ್‌ಫರ್ಡ್‌ನ ಎರಿಕ್ ಹೋಕ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಕತ್ತಲಲ್ಲಿಟ್ಟರೆ ಮತ್ತೆ ಬೆರೀತವೆ.

ತಮ್ಮ: ಅಂದ್ರೆ ದೋಷ ಇಟ್ಟುಕೊಂಡೇ ಗುಣ.

ಅಕ್ಕ: ಹೌದು. 'ಈ ಒಂದು ದೋಷ ಸರಿಮಾಡಿದರೆ ಮುಗೀತು' ಅಂತ ಬರೀತಾರಲ್ಲ ಪೇಪರಿನವರು, ಅದು ನನಗೆ ಸರಿ ಕಾಣೋದಿಲ್ಲ. ದೋಷವನ್ನ ಪೂರ್ತಿ ಕಿತ್ತರೆ ಗುಣವೂ ಕಿತ್ತು ಬರುತ್ತೆ. ಮೆತ್ತಗಿರೋದು ಯಾವ ಕೆಲಸಕ್ಕೆ ಅಡ್ಡಿಯಲ್ಲವೋ ಆ ಕೆಲಸ ಹುಡುಕಬೇಕು.

ತಮ್ಮ: ಅದಿರಲಿ, ಮೊದಲು ಇದನ್ನ ಬಿಸಿಲಿಗೆ ಹಿಡಿದವರು ಯಾರು?

ಅಕ್ಕ: ವಸ್ತು ಹಳೇದು. ಸೀಸಿಯಂ ಲೆಡ್ ಹ್ಯಾಲೈಡುಗಳಿಗೆ ಪೆರೋವ್‌ಸ್ಕೈಟ್ ಜೋಡಣೆ ಇದೆ, ಬೆಳಕು ಬಿದ್ದರೆ ಅವುಗಳಲ್ಲಿ ವಿದ್ಯುತ್ ಹರಿಯುತ್ತೆ ಅಂತ ಡೆನ್ಮಾರ್ಕಿನ ಕ್ರಿಶ್ಚಿಯನ್ ಮೊಲ್ಲರ್ 1958ರಲ್ಲೇ ಹೇಳಿದ್ದ. ಮೀಥೈಲ್ ಅಮೋನಿಯಂ ಹಾಕಿದ್ದು ಜರ್ಮನಿಯ ಡೀಟರ್ ವೆಬರ್, 1978ರಲ್ಲಿ. ಅದರಿಂದ ಸೋಲಾರ್ ಸೆಲ್ ಬಂದದ್ದು 2009ಕ್ಕೆ, ಯೋಕೋಹಾಮಾದ ಟೋಯಿನ್ ವಿಶ್ವವಿದ್ಯಾಲಯದಲ್ಲಿ. ತ್ಸುತೊಮು ಮಿಯಾಸಾಕಾ, ಅವರ ಜೊತೆ ಕೊಜಿಮಾ. ದಕ್ಷತೆ ನೂರಕ್ಕೆ 3.8.

ತಮ್ಮ: ನಾನು ಹಾಕೋ ಪ್ಯಾನೆಲ್ 21-22 ಕೊಡುತ್ತೆ.

ಅಕ್ಕ: ಆ 3.8ಕ್ಕೂ ಆಯುಸ್ಸು ಇರಲಿಲ್ಲ. ದ್ರವ ತುಂಬಿದ ಸೆಲ್ಲು, ಹರಳು ಆ ದ್ರವದಲ್ಲೇ ಕರಗಿಹೋಗ್ತಿತ್ತು. 2012ರಲ್ಲಿ ದ್ರವ ತೆಗೆದು ಘನ ಪದರ ಹಾಕಿದರು. ದಕ್ಷಿಣ ಕೊರಿಯಾದ ನಾಮ್-ಗ್ಯೂ ಪಾರ್ಕ್ ಅವರಿಗೆ 9.7, ಆಕ್ಸ್‌ಫರ್ಡ್‌ನ ಹೆನ್ರಿ ಸ್ನೈತ್ ಅವರಿಗೆ 10.9. ಈಗ 26 ದಾಟಿದೆ. ಸಿಲಿಕಾನು 1954ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ 6ರ ಆಸುಪಾಸಿನಿಂದ ಶುರುವಾಗಿ 26 ಮುಟ್ಟೋಕೆ ಅರವತ್ತು ವರ್ಷಕ್ಕೂ ಮೇಲೆ ತಗೊಂಡಿತು. ಆದರೆ ಒಂದು ಎಚ್ಚರಿಕೆ. ಈ 26 ನನ್ನ ನ್ಯಾನೋ ಹರಳಿನದಲ್ಲ. ಅದು ಗಾಜಿನ ಮೇಲೆ ದ್ರಾವಣ ಸವರಿ ಒಣಗಿಸಿದ, ಅರ್ಧ ಮೈಕ್ರಾನಿನಷ್ಟು ದಪ್ಪದ ಪದರದ್ದು. ಸುದ್ದಿಯಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ಹಾಕ್ತಾರೆ.

ತಮ್ಮ: ಪದರವೇ ಅಷ್ಟು ಕೊಡೋದಾದರೆ ಸಣ್ಣ ಹರಳು ಮಾಡೋ ಉಸಾಬರಿ ಯಾಕೆ?

ಅಕ್ಕ: ಅದಕ್ಕೆ ಒಂದು ಕತೆ ಇದೆ, ಅದರಲ್ಲಿ ನಮ್ಮ ದೇಶದವರ ಪಾಲೂ ಇದೆ. ಸೀಸಿಯಂ ಲೆಡ್ ಅಯೊಡೈಡ್ ಅಂತ ಒಂದು. ಶಾಖಕ್ಕೆ ಹಾರಿಹೋಗೋ ಸಾವಯವ ಅಯಾನು ಅದರಲ್ಲಿಲ್ಲ, ಹಾಗಾಗಿ ಸೋಲಾರಿಗೆ ಅದು ಬಾಳಿಕೆ ಬರಬೇಕು. ಆದರೆ ಅದಕ್ಕೆ ಎರಡು ರೂಪ. ಬಿಸಿಲನ್ನ ನುಂಗೋ ಕಪ್ಪು ರೂಪ 300 ಡಿಗ್ರಿಗೂ ಮೇಲಿನ ಶಾಖದಲ್ಲಿ ಮಾತ್ರ ನೆಮ್ಮದಿಯಾಗಿರುತ್ತೆ. ಆರಿಸಿದರೆ ಹಳದಿಗೆ ತಿರುಗುತ್ತೆ, ಹಳದಿ ರೂಪದಿಂದ ನಮಗೇನೂ ಪ್ರಯೋಜನವಿಲ್ಲ. ಅದೇ ವಸ್ತುವನ್ನ ನ್ಯಾನೋ ಗಾತ್ರದಲ್ಲಿ ಮಾಡಿದರೆ ಕೋಣೆಯ ಶಾಖದಲ್ಲೂ ಕಪ್ಪಾಗೇ ನಿಲ್ಲುತ್ತೆ. ಅಷ್ಟು ಸಣ್ಣ ಹರಳಿನಲ್ಲಿ ಒಳಗಿಗಿಂತ ಮೇಲ್ಮೈಯ ಮಾತು ಹೆಚ್ಚು ನಡೆಯುತ್ತೆ, ಆ ಮೇಲ್ಮೈ ಶಕ್ತಿಯೇ ಕಪ್ಪು ರೂಪವನ್ನ ಹಿಡಿದಿಡುತ್ತೆ. 2016ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿರೋ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ ಇದನ್ನ ಸೆಲ್ ಮಾಡಿ ತೋರಿಸಿದರು. ಆ ಪ್ರಬಂಧದ ಮೊದಲ ಹೆಸರು ಅಭಿಷೇಕ್ ಸ್ವರ್ಣಕರ್, ಪುಣೆಯ ಐಸರ್ ಸಂಸ್ಥೆಯಿಂದ ಹೋದವರು. ಪುಣೆಯಲ್ಲಿ ಅವರು ಅಂಶುಮಾನ್ ನಾಗ್ ಅವರ ಗುಂಪಿನಲ್ಲಿದ್ದರು. ಆ ಗುಂಪು 2015ರಲ್ಲೇ ಬ್ರೋಮೈಡ್ ಹರಳುಗಳ ಬೆಳಕಿನ ಮೇಲೆ ಕೆಲಸ ಮಾಡಿತ್ತು. ನಮ್ಮ ಬೆಂಗಳೂರಿನಲ್ಲೂ ಇದರ ಕೆಲಸ ನಡೆದಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರಂಜನಿ ವಿಶ್ವನಾಥ ಅವರ ಗುಂಪು ಇಂಥ ಹರಳುಗಳನ್ನ ಓದ್ತಾ ಬಂದಿದೆ.

ತಮ್ಮ: ಆ ಸೆಲ್ಲು ಎಷ್ಟು ಕೊಟ್ಟಿತು?

ಅಕ್ಕ: 10.77. ವೋಲ್ಟೇಜು 1.23. ಆದರೆ ಆ ಪ್ರಬಂಧದಲ್ಲಿ ನನಗೆ ಹಿಡಿಸಿದ್ದು ಬೇರೆ ಸಾಲು. ಅದೇ ಸಾಧನಕ್ಕೆ ಹೊರಗಿನಿಂದ ವೋಲ್ಟೇಜ್ ಕೊಟ್ಟರೆ ಅದು ಎಲ್‌ಇಡಿಯ ಹಾಗೆ ಬೆಳಗ್ತಿತ್ತು.

ತಮ್ಮ: ಸೋಲಾರ್ ಸೆಲ್ಲು ದೀಪವಾಗಿ ಉರೀತಿತ್ತಾ? ನಾನು ಪ್ಯಾನೆಲ್‌ಗೆ ಕರೆಂಟ್ ಕೊಟ್ಟರೆ ಬರೀ ಬಿಸಿಯಾಗುತ್ತೆ.

ಅಕ್ಕ: ಸಿಲಿಕಾನೂ ಮಿಣುಕುತ್ತೆ ಕಣೋ, ಅವಗೆಂಪಿನಲ್ಲಿ, ಕಣ್ಣಿಗೆ ಕಾಣೋದಿಲ್ಲ. ಪ್ಯಾನೆಲ್ ಒಳಗೆ ಬಿರುಕು ಬಿಟ್ಟಿದೆಯಾ ಅಂತ ಫ್ಯಾಕ್ಟರಿಯಲ್ಲಿ ಕಪ್ಪುಬಿಳುಪು ಫೋಟೋ ತೆಗೀತಾರಲ್ಲ?

ತಮ್ಮ: ಇಎಲ್ ಟೆಸ್ಟು! ಬಿರುಕಿರೋ ಜಾಗ ಕಪ್ಪಗೆ ಬರುತ್ತೆ.

ಅಕ್ಕ: ಅದೇ. ಆ ಫೋಟೋದಲ್ಲಿ ಕಾಣೋದು ಸಿಲಿಕಾನ್ ಉಗುಳಿದ ಬೆಳಕೇ. ಬಹಳ ಕಮ್ಮಿ ಉಗುಳುತ್ತೆ, ಅದರ ಎಲೆಕ್ಟ್ರಾನು ಕೆಳಗಿಳಿಯೋಕೆ ಬೆಳಕಷ್ಟೇ ಸಾಲದು, ಹರಳಿನ ಕಂಪನದ ನೆರವೂ ಬೇಕು. ಪೆರೋವ್‌ಸ್ಕೈಟಿನಲ್ಲಿ ಎಲೆಕ್ಟ್ರಾನೂ, ಅದು ಎದ್ದು ಬಂದ ಖಾಲಿ ಜಾಗ, ಅಂದ್ರೆ ರಂಧ್ರವೂ ಸೇರಿದರೆ ನೇರವಾಗಿ ಬೆಳಕು. ಈಗ ನಿನಗೆ ತಿರುಗುಮುರುಗು ಅನ್ನಿಸೋ ಮಾತೊಂದು ಹೇಳ್ತೀನಿ. ಒಳ್ಳೇ ಸೋಲಾರ್ ಸೆಲ್ ಆಗಬೇಕಾದರೆ ಅದು ಒಳ್ಳೇ ದೀಪವೂ ಆಗಿರಬೇಕು. ಬರ್ಕ್‌ಲಿಯ ಎಲಿ ಯಬ್ಲೊನೊವಿಚ್ ಮತ್ತು ಸಂಗಡಿಗರು 2012ರ ಹೊತ್ತಿಗೆ ಇದನ್ನ ಒತ್ತಿ ಹೇಳಿದರು.

ತಮ್ಮ: ಬೆಳಕು ಹೊರಗೆ ಬಿಟ್ಟರೆ ನಷ್ಟ ಅಲ್ವಾ? ಬಂದ ಬಿಸಿಲನ್ನ ಹಿಡಿದಿಟ್ಟುಕೊಳ್ಳಬೇಕಾದದ್ದು ಅದರ ಕೆಲಸ.

ಅಕ್ಕ: ಎಲ್ಲರಿಗೂ ಮೊದಲು ಹಾಗೇ ಅನ್ನಿಸುತ್ತೆ. ಸೆಲ್ಲಿನ ತಂತಿ ಎಲ್ಲಿಗೂ ಜೋಡಿಸದೆ ಬಿಸಿಲಲ್ಲಿಟ್ಟಿದ್ದೀಯ ಅಂತಿಟ್ಟುಕೋ. ಎಲೆಕ್ಟ್ರಾನುಗಳು ಏಳ್ತಾನೇ ಇವೆ, ಹೊರಗೆ ಹೋಗೋ ದಾರಿ ಇಲ್ಲ. ಅವು ಎಲ್ಲಾದರೂ ವಾಪಸ್ ಬೀಳಲೇಬೇಕು. ಬೋನಿಗೆ ಬಿದ್ದು ಬಿಸಿಯಾಗಿ ಹೋದರೆ ಎಲೆಕ್ಟ್ರಾನುಗಳು ಬೇಗ ಖಾಲಿಯಾಗ್ತವೆ, ವೋಲ್ಟೇಜು ಏರೋದಿಲ್ಲ. ಬೆಳಕಾಗಿ ಮಾತ್ರ ಬೀಳ್ತವೆ ಅಂದ್ರೆ ಬೋನುಗಳೇ ಇಲ್ಲ ಅಂತಾಯ್ತು, ವೋಲ್ಟೇಜು ಆಗಬಹುದಾದಷ್ಟು ಏರುತ್ತೆ. ತಂತಿ ಜೋಡಿಸಿದ ಮೇಲೆ ಆ ವೋಲ್ಟೇಜೇ ನಿನ್ನ ಇನ್ವರ್ಟರಿಗೆ ಸಿಗೋದು. ಹೊರಗೆ ಬರೋ ಬೆಳಕು, ಒಳಗೆ ಕಳ್ಳದಾರಿ ಇಲ್ಲ ಅನ್ನೋದಕ್ಕೆ ಸಾಕ್ಷಿ.

ತಮ್ಮ: ಇಎಲ್ ಫೋಟೋದಲ್ಲಿ ಬೆಳ್ಳಗಿರೋ ಸೆಲ್ಲೇ ಒಳ್ಳೇ ಸೆಲ್ಲು. ತಲೆಗೆ ಹೋಯ್ತು. ಹಾಗಾದರೆ ದೀಪಕ್ಕೂ ಬಿಸಿಲಿಗೂ ಒಂದೇ ಹರಳು ಸಾಕಲ್ಲ.

ಅಕ್ಕ: ಹರಳು ಒಂದೇ ಸಾಕು, ಅದರ ಮೈಮೇಲಿರೋದು ಬೇರೆಯಾಗಬೇಕು. ಓಲೆಯಿಕ್ ಆಮ್ಲ, ಓಲೈಲಮೀನ್ ಹಾಕಿದೆವಲ್ಲ, ಅವು ಹದಿನೆಂಟು ಇಂಗಾಲದ ಉದ್ದ ಬಾಲಗಳು. ಹರಳಿನ ಸುತ್ತ ಕೂದಲಿನ ಹಾಗೆ ನಿಂತು, ಒಂದು ಹರಳು ಇನ್ನೊಂದಕ್ಕೆ ಅಂಟದ ಹಾಗೆ ನೋಡಿಕೊಳ್ತವೆ. ಅವುಗಳನ್ನ ಲಿಗ್ಯಾಂಡ್ ಅಂತೀವಿ. ಶೀಶೆಯಲ್ಲಿದ್ದಾಗ ಅವು ಬೇಕೇ ಬೇಕು. ಆದರೆ ಕರೆಂಟಿನ ಪಾಲಿಗೆ ಆ ಕೂದಲು ಅವಾಹಕ. ಸೋಲಾರ್ ಸೆಲ್ಲಿನಲ್ಲಿ ಎಲೆಕ್ಟ್ರಾನು ಹರಳಿನಿಂದ ಹರಳಿಗೆ ದಾಟಿ ತಂತಿಯವರೆಗೆ ಹೋಗಬೇಕು, ದಾರಿಯಲ್ಲಿ ಅಷ್ಟು ಗಡಿಗಳು. ಗಡಿ ಕಿತ್ತರೆ ಮೈ ಬರಿದಾಗಿ ಲೋಪ ಹೆಚ್ಚುತ್ತೆ. ತೊಳೆಯೋಕೆ ಹೋದರೆ ಹರಳೇ ಕರಗುತ್ತೆ. 2016ರವರು ಮೀಥೈಲ್ ಅಸಿಟೇಟಿನಲ್ಲಿ ತೊಳೆದರು, ಹರಳು ಕರಗದೆ ಹೆಚ್ಚುವರಿ ಕೂದಲು ಮಾತ್ರ ಹೋಯ್ತು. ಅವರ ಗೆಲುವಿನ ಅರ್ಧ ಆ ತೊಳೆಯೋ ದ್ರವದಲ್ಲಿತ್ತು ಅಂತ ನನ್ನ ಅಭಿಪ್ರಾಯ. ಆಮೇಲಿನ ವರ್ಷಗಳಲ್ಲಿ ಏರ್ತಾ ಏರ್ತಾ 2024ರಲ್ಲಿ ದಕ್ಷಿಣ ಕೊರಿಯಾದ ಯೂನಿಸ್ಟ್ ಸಂಸ್ಥೆಯವರು 18.1 ಮುಟ್ಟಿಸಿದರು. ಪದರದ 26 ಎಲ್ಲಿ, ಇದೆಲ್ಲಿ!

ತಮ್ಮ: ಮತ್ತೆ ದೀಪದಲ್ಲಿ?

ಅಕ್ಕ: ದೀಪದಲ್ಲಿ ಲೆಕ್ಕ ತಲೆಕೆಳಗು. ಎಲೆಕ್ಟ್ರಾನು ಓಡಿಹೋಗಬಾರದು. ಒಂದು ಸಣ್ಣ ಕೋಣೆಯಲ್ಲಿ ರಂಧ್ರದ ಜೊತೆ ಸಿಕ್ಕಿಹಾಕಿಕೊಂಡು, ಅಲ್ಲೇ ಸೇರಿ ಬೆಳಕಾಗಬೇಕು. ಗಡಿ ಇದ್ದಷ್ಟೂ ಒಳ್ಳೇದು, ಕರೆಂಟು ಒಳಗೆ ಬರೋವಷ್ಟು ದಾರಿ ಇದ್ದರೆ ಸಾಕು. ಸೋಲಾರಿಗೆ ಶಾಪವಾದ ಗಾತ್ರವೂ ಕೂದಲೂ ದೀಪಕ್ಕೆ ವರ. 1990ರ ದಶಕದಲ್ಲಿ ಜಪಾನಿನವರು ಪದರಪದರ ಜೋಡಣೆಯ ಪೆರೋವ್‌ಸ್ಕೈಟಿನಿಂದ ದೀಪ ಮಾಡಿದ್ದರು, ಚೆನ್ನಾಗಿ ಬೆಳಗಿಸೋಕೆ ದ್ರವ ಸಾರಜನಕದ ಚಳಿಯಲ್ಲಿಡಬೇಕಿತ್ತು. ಕೋಣೆಯ ಶಾಖದಲ್ಲಿ ಬೆಳಗಿದ್ದು 2014ರಲ್ಲಿ, ಕೇಂಬ್ರಿಡ್ಜ್‌ನ ರಿಚರ್ಡ್ ಫ್ರೆಂಡ್ ಅವರ ತಂಡದಿಂದ. ದಕ್ಷತೆ ಅವಗೆಂಪಿನಲ್ಲಿ ನೂರಕ್ಕೆ 0.76, ಹಸಿರಿನಲ್ಲಿ ಬರೀ 0.1. ನಾಲ್ಕೇ ವರ್ಷಕ್ಕೆ, 2018ರಲ್ಲಿ, ಹಲವು ತಂಡಗಳು ಒಟ್ಟೊಟ್ಟಿಗೆ 20 ದಾಟಿದವು. ಅವುಗಳಲ್ಲಿ ಜಪಾನಿನ ಯಮಗಾಟ ವಿಶ್ವವಿದ್ಯಾಲಯದವರು ಬಳಸಿದ್ದು ನಾನು ಹೇಳಿದ ಬಣ್ಣ ಬದಲಿಸೋ ವಿದ್ಯೆಯನ್ನೇ, ಬ್ರೋಮೈಡ್ ಹರಳಿಗೆ ಅಯೊಡೈಡ್ ತುಂಬಿ ಕೆಂಪು ದೀಪ.

ತಮ್ಮ: 20 ಅಂದ್ರೆ ಇನ್ನೂ 80 ವ್ಯರ್ಥ ಅಲ್ವಾ?

ಅಕ್ಕ: ಹಾಗಲ್ಲ. ಚಪ್ಪಟೆ ದೀಪದಲ್ಲಿ ಹುಟ್ಟಿದ ಬೆಳಕಿನ ಬಹುಪಾಲು ಪದರಗಳೊಳಗೇ ಪ್ರತಿಫಲಿಸಿ ಸಿಕ್ಕಿಕೊಳ್ಳುತ್ತೆ, ಹೊರಗೆ ಬರೋದು ನಾಲ್ಕರಲ್ಲಿ ಒಂದು ಪಾಲಿನ ಆಸುಪಾಸು. ಹಾಗಾಗಿ 20 ಅಂದ್ರೆ ಒಳಗಡೆ ಹೆಚ್ಚೂಕಡಿಮೆ ಎಲ್ಲವೂ ಬೆಳಕಾಗ್ತಿದೆ ಅಂತ. 2022ರಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ತೇ-ವೂ ಲೀ ಅವರ ತಂಡ ಹಸಿರು ದೀಪಕ್ಕೆ 28.9 ವರದಿ ಮಾಡಿತು. ಪದರದೊಳಗೇ ಹರಳನ್ನ ಒಡೆದು ಸಣ್ಣದು ಮಾಡಿ, ಸುತ್ತ ಕವಚ ಕಟ್ಟಿಸಿದ್ದರು. ಸಾಧಾರಣ ಪರದೆಯ ಬೆಳಕಿಗೆ, ಅಂದ್ರೆ 100 ನಿಟ್‌ಗೆ ಲೆಕ್ಕ ಹಾಕಿದರೆ ಆಯುಸ್ಸು 30,000 ಗಂಟೆ ಅಂತ ಅಂದಾಜು.

ತಮ್ಮ: ಅಂದಾಜು.

ಅಕ್ಕ: ಹೌದು, ಅಂದಾಜೇ. ಜೋರು ಬೆಳಕಿನಲ್ಲಿ ಬೇಗ ಸಾಯಿಸಿ ನೋಡಿ, ಅದರಿಂದ ಮೆಲ್ಲಗೆ ಉರಿದಾಗಿನದನ್ನ ಲೆಕ್ಕ ಹಾಕೋದು. ಅದನ್ನ ನಿನ್ನ ಹಾಗೆ ಅನುಮಾನದಿಂದಲೇ ಓದಬೇಕು. ಇನ್ನು ನೀಲಿ ದೀಪದ ಗತಿ ಕೇಳಬೇಡ. ನೀಲಿಗೆ ಬ್ರೋಮೈಡಿಗೆ ಕ್ಲೋರೈಡ್ ಬೆರೆಸಬೇಕು. ಕರೆಂಟು ಹರಿದ ಕೂಡಲೇ ಅವೆರಡೂ ಬೇರೆಯಾಗೋಕೆ ಶುರು, ನೀಲಿ ದೀಪ ನಿನ್ನೆದುರೇ ಹಸಿರಿನ ಕಡೆ ಜಾರುತ್ತೆ. ಜೊತೆಗೆ, ಗುಂಡಿ ಅಂಚಿನಲ್ಲಿದೆ ಅಂದೆನಲ್ಲ, ಕ್ಲೋರೈಡ್ ಹೆಚ್ಚಿದಷ್ಟೂ ಕೆಲವು ನಡುವಿಗೇ ಬರ್ತವೆ. ಹಿಂದೆ ಎಲ್‌ಇಡಿಯಲ್ಲೂ ಕೊನೆಗೆ ಉಳಿದ ಕಷ್ಟ ನೀಲಿಯೇ, ಅದನ್ನ ಬಿಡಿಸಿದ್ದಕ್ಕೇ ಅಕಸಾಕಿ, ಅಮಾನೋ, ನಾಕಾಮುರಾ ಅವರಿಗೆ 2014ರ ನೊಬೆಲ್ ಬಂದದ್ದು.

ತಮ್ಮ: ಹಾಗಾದರೆ ನೀಲಿ ಬೇಡದ ಕೆಲಸ ಹುಡುಕಿ.

ಅಕ್ಕ: ಅಬ್ಬಾ, ನನ್ನ ಬಾಯಿಂದ ಕಿತ್ತುಕೊಂಡೆ. ಕ್ವಾಂಟಂ ಡಾಟ್ ಅಂತ ಬರೆದಿರೋ ಟಿವಿಗಳಲ್ಲಿ ಹಿಂದುಗಡೆ ನೀಲಿ ಎಲ್‌ಇಡಿ ಇರುತ್ತೆ, ಮುಂದೆ ಚುಕ್ಕೆಗಳ ಒಂದು ಹಾಳೆ. ನೀಲಿ ಬೆಳಕಿನ ಒಂದು ಪಾಲನ್ನ ಆ ಹಾಳೆ ನುಂಗಿ ಹಸಿರಾಗಿ, ಕೆಂಪಾಗಿ ಬಿಡುತ್ತೆ. ಅಲ್ಲಿ ಚುಕ್ಕೆಗಳಿಗೆ ಕರೆಂಟೇ ಮುಟ್ಟೋದಿಲ್ಲ. ವೋಲ್ಟೇಜ್ ಇಲ್ಲ ಅಂದ್ರೆ ಅಯಾನುಗಳ ಓಡಾಟ ಎಷ್ಟೋ ಕಡಿಮೆ. ಹರಳನ್ನ ಪ್ಲಾಸ್ಟಿಕ್ಕಿನೊಳಗೆ ಹೂತಿಡಬಹುದು, ತೇವದ ಕಾಟವೂ ಕಡಿಮೆ. ಬೇಕಾದದ್ದು ಶುದ್ಧ ಹಸಿರು. ಅದು ನಮ್ಮ ಹರಳಿಗೆ ಹುಟ್ಟಿನಿಂದ ಬಂದ ಗುಣ, ಅದರ ಬಣ್ಣದ ಪಟ್ಟಿ ಇಪ್ಪತ್ತು ನ್ಯಾನೋಮೀಟರ್ ಆಸುಪಾಸಿನಷ್ಟೇ ಅಗಲ. ಕ್ಯಾಡ್ಮಿಯಂ ಬೇಡ ಅಂತ ಈಗ ಬಳಸೋ ಇಂಡಿಯಂ ಫಾಸ್ಫೈಡಿನ ಹಸಿರು ಇದರಷ್ಟು ಚೊಕ್ಕ ಅಲ್ಲ. ನನ್ನನ್ನ ಕೇಳಿದರೆ ಈ ಸಣ್ಣ ಹರಳಿನ ಜಾಗ ನಿನ್ನ ತಾರಸಿ ಅಲ್ಲ, ಟಿವಿ ಪರದೆ. ತಾರಸಿ ಏನಿದ್ದರೂ ದೊಡ್ಡ ಪದರದ್ದು, ಅದೂ ಸಿಲಿಕಾನಿನ ಹೆಗಲ ಮೇಲೆ ಕೂತು. ಮೇಲಿನ ಪೆರೋವ್‌ಸ್ಕೈಟ್ ನೀಲಿ-ಹಸಿರು ನುಂಗಿ, ಕೆಳಗಿನ ಸಿಲಿಕಾನ್ ಕೆಂಪು-ಅವಗೆಂಪು ನುಂಗಿದರೆ ಎರಡರ ವೋಲ್ಟೇಜೂ ಕೂಡುತ್ತೆ. ಚೀನಾದ ಲಾಂಜಿ ಕಂಪನಿ 2024ರಲ್ಲಿ ಅಂಥ ಜೋಡಿ ಸೆಲ್ಲಿಗೆ 34.6 ದಾಖಲಿಸಿತು, ಆಕ್ಸ್‌ಫರ್ಡ್ ಪಿವಿ ಅದೇ ವರ್ಷ ಅಮೆರಿಕದ ಗಿರಾಕಿಗೆ ಪ್ಯಾನೆಲ್ ಕಳಿಸಿತು.

ತಮ್ಮ: ಪ್ಯಾನೆಲ್‌ಗೆ ನಮ್ಮಲ್ಲಿ ಒಂದು ಪರೀಕ್ಷೆ ಇದೆ. 85 ಡಿಗ್ರಿ ಶಾಖ, 85 ಭಾಗ ತೇವ, ಸಾವಿರ ಗಂಟೆ. ಅದನ್ನ ಪಾಸು ಮಾಡದೆ ನಾನು ಮುಟ್ಟಲ್ಲ. ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ 2,050 ಮೆಗಾವಾಟ್ ನಿಂತಿದೆಯಲ್ಲ, ಏಪ್ರಿಲ್ ಮಧ್ಯಾಹ್ನ ಅಲ್ಲಿ ಪ್ಯಾನೆಲ್ ಮೈ ಮುಟ್ಟಿ ನೋಡು.

ಅಕ್ಕ: ಒಪ್ತೀನಿ. ಆ ಪರೀಕ್ಷೆ ಪಾಸಾದರೂ ಸಾಲದು, ಬಿಸಿಲೂ ಶಾಖವೂ ವೋಲ್ಟೇಜೂ ಒಟ್ಟಿಗೆ ಬಿದ್ದಾಗ ಏನಾಗುತ್ತೆ ಅನ್ನೋದೇ ಇದಕ್ಕೆ ನಿಜವಾದ ಸತ್ವಪರೀಕ್ಷೆ.

ತಮ್ಮ: ಇನ್ನೊಂದು. ಸೀಸ, ಸೀಸ ಅಂತ ಆಗಿನಿಂದ ಹೇಳ್ತಿದೀಯ. ಮಕ್ಕಳಿರೋ ಮನೆ ಮೇಲೆ ಸೀಸ ಹಾಕಿ ಅಂತ ಹೇಗೆ ಹೇಳಲಿ?

ಅಕ್ಕ: ನೀನು ಯುಪಿಎಸ್‌ಗೆ ಮಾರೋ ಬ್ಯಾಟರಿಯಲ್ಲಿ ಸೀಸ ಕಿಲೋಗಟ್ಟಲೆ ಇದೆ. ಈಗಿನ ಪ್ಯಾನೆಲ್‌ಗಳ ಬೆಸುಗೆಯಲ್ಲೂ ಸೀಸ ಇರುತ್ತೆ. ಪೆರೋವ್‌ಸ್ಕೈಟ್ ಪದರದಲ್ಲಿ ಒಂದು ಚದರ ಮೀಟರಿಗೆ ಒಂದು ಗ್ರಾಮೂ ಆಗೋದಿಲ್ಲ. ನಮ್ಮವರು ಈ ಲೆಕ್ಕವನ್ನ ಹೇಳಿ ಕೈತೊಳ್ಕೊಳ್ತಾರೆ. ನಾನು ಹಾಗೆ ಹೇಳಲ್ಲ. ಬೆಸುಗೆಯ ಸೀಸ ಲೋಹ, ಮಳೆಗೆ ಕರಗಿ ಓಡೋದಿಲ್ಲ. ನಮ್ಮದು ಲವಣ, ಗಾಜು ಒಡೆದರೆ ನೀರಿನ ಜೊತೆ ಮಣ್ಣಿಗಿಳಿಯೋದು. ಗ್ರಾಮು ಕಡಿಮೆ ಅನ್ನೋದಕ್ಕಿಂತ ಕರಗುತ್ತಾ ಅನ್ನೋದು ಮುಖ್ಯ. ಯೂರೋಪಿನ ನಿಯಮದಲ್ಲಿ ವಿದ್ಯುತ್ ಸಾಮಾನಿನ ಯಾವುದೇ ಒಂದು ವಸ್ತುವಿನಲ್ಲಿ ಸೀಸ ನೂರಕ್ಕೆ 0.1 ಮೀರುವಂತಿಲ್ಲ. ಸೋಲಾರ್ ಪ್ಯಾನೆಲ್‌ಗೆ ವಿನಾಯಿತಿ ಇದೆ, ಟಿವಿಗೆ ಇಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಹರಳು ವಿರಳವಾಗಿರೋದರಿಂದ ಅಲ್ಲಿ ಆ ಗೆರೆಯೊಳಗೆ ಇರೋಕೆ ದಾರಿಯಿದೆ.

ತಮ್ಮ: ಸೀಸದ ಬದಲು ಬೇರೇನಾದರೂ?

ಅಕ್ಕ: ತವರ ಹಾಕಿ ನೋಡಿದ್ದಾರೆ. ಗಾಳಿ ತಗುಲಿದರೆ ಅದರ ಅಯಾನು ಇನ್ನೆರಡು ಎಲೆಕ್ಟ್ರಾನು ಬಿಟ್ಟುಕೊಟ್ಟು ಬೇರೆಯೇ ಆಗಿಬಿಡುತ್ತೆ. ಅದರ ಮಾತು ಇವತ್ತಿಗೆ ಬೇಡ.

ತಮ್ಮ: 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್ಲೂ ಸೇರಿದೆ. ಹಳೇ ಪ್ಯಾನೆಲ್ ಗುಜರಿಯವರಿಗೆ ಕೊಡೋ ಹಾಗಿಲ್ಲ, ತಯಾರಿಸಿದವರು ಶೇಖರಿಸಿ ಲೆಕ್ಕ ಇಡಬೇಕು. ಆದರೆ ಊರಲ್ಲಿ ನಡೆಯೋದೇ ಬೇರೆ, ಅಲ್ಯೂಮಿನಿಯಂ ಫ್ರೇಮು ಬಿಚ್ಚಿಕೊಂಡು ಗಾಜನ್ನ ಹಳ್ಳಕ್ಕೆ ಸುರೀತಾರೆ. ನಿನ್ನ ಪದರದ ಪ್ಯಾನೆಲ್ ಹಾಗೆ ಹಳ್ಳಕ್ಕೆ ಬಿದ್ದರೆ?

ಅಕ್ಕ: ಬೀಳಬಾರದು. ಇಲ್ಲಿ ಮತ್ತೆ ಅದೇ ಮೆತ್ತನೆ ಸ್ವಭಾವ ನೆರವಿಗೂ ಬರುತ್ತೆ ನೋಡು. ಸಿಲಿಕಾನ್ ಪ್ಯಾನೆಲ್ ಬಿಡಿಸೋದು ಕಷ್ಟ, ಅಂಟು ಬಿಡೋದಿಲ್ಲ, ಸುಡಬೇಕು, ಪುಡಿ ಮಾಡಬೇಕು. ಪೆರೋವ್‌ಸ್ಕೈಟನ್ನ ಕರಗಿಸಿ ವಾಪಸ್ ತೆಗೀಬಹುದು. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 2025ರಲ್ಲಿ ನೀರಿನಲ್ಲೇ ಅದನ್ನ ಮಾಡಿದರು. ನೀರಿಗೆ ಕೆಲವು ಲವಣ ಸೇರಿಸಿ, ಬಿಸಿ ಮಾಡಿ ಪದರ ಕರಗಿಸಿ, ಆರಿಸಿದಾಗ ಮತ್ತೆ ಹರಳು ಕಟ್ಟೋ ಹಾಗೆ. ಗಾಜೂ ಮರುಬಳಕೆಗೆ ಸಿಕ್ಕಿತು, ಮತ್ತೆ ಮಾಡಿದ ಸೆಲ್ಲು ಹೊಸದರ ಸಮಕ್ಕೆ ನಿಂತಿತು.

ತಮ್ಮ: ಲ್ಯಾಬಲ್ಲಿ ಸರಿ. ಶಿರಾದಲ್ಲೋ ಮಧುಗಿರಿಯಲ್ಲೋ ತಾರಸಿ ಮೇಲಿಂದ ಒಡೆದ ಪ್ಯಾನೆಲ್ ಇಳಿಸಿ, ಆ ಬಿಸಿನೀರಿನ ತೊಟ್ಟಿಯವರೆಗೆ ಸಾಗಿಸೋ ಖರ್ಚು ಯಾರದು? ಲಾರಿ ಬಾಡಿಗೆಗೂ ಹುಟ್ಟದಷ್ಟು ಸೀಸ ಅದರಲ್ಲಿ ಅಂತ ಈಗ ತಾನೇ ನೀನೇ ಹೇಳಿದೆ.

ಅಕ್ಕ: ಗಾಜಿಗೂ ಅದರ ಮೇಲಿನ ವಾಹಕ ಲೇಪಕ್ಕೂ ಬೆಲೆ ಇದೆ. ಅದು ಲಾರಿ ಬಾಡಿಗೆ ಹುಟ್ಟಿಸುತ್ತಾ ಅಂತ ಲೆಕ್ಕ ಹಾಕೋದು ನನ್ನಂಥ ಕೆಮಿಸ್ಟ್ರಿಯವಳ ಕೆಲಸ ಅಲ್ಲ, ನಿನ್ನಂಥ ವ್ಯಾಪಾರದವನದು. ಒಂದು ಚದರ ಮೀಟರ್ ಗಾಜು ಇಳಿಸಿ, ಪ್ಯಾಕ್ ಮಾಡಿ, ಬೆಂಗಳೂರಿಗೆ ತರೋಕೆ ಎಷ್ಟು ತಗೋತೀಯ, ಹೇಳು.

ತಮ್ಮ: ಮೊದಲು ಒಡೆದ ಗಾಜಾ, ಇಡೀ ಗಾಜಾ ಅಂತ ಹೇಳು. ಒಡೆದಿದ್ದರೆ ರೇಟೇ ಬೇರೆ.